ಭಂಡಾರ ಮುಟ್ಟಿಸಿ ಗೆದ್ದ ಮತ

ಲೋಕಸಭೆಯ ಫಲಿತಾಂಶ ಬಂದ ದಿನ ನಾನು ಸಂಜೆಯವರೆಗೂ ಟಿವಿಯ ಮುಂದಿನಿಂದ ಏಳಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಿಸಿಲಿನಲ್ಲಿ ಕರಪತ್ರ ಹಂಚಿದ್ದೆವು. ದೇಶ ನಮ್ಮ ಮಾತು ಕೇಳಿರಲಿಲ್ಲ. ಸೋಲನ್ನು ಒಪ್ಪಿಕೊಂಡೆ. ಆದರೆ ಜಾತಿಯ ಲೆಕ್ಕಾಚಾರವನ್ನು, ಧರ್ಮದ ಹೆಸರಿನ ಭಯವನ್ನು, ಓಣಿಗೆ ಬಂದಿಳಿದ ಸಾರಾಯಿಯನ್ನು ಒಪ್ಪಲಿಲ್ಲ. ಇಂದಿಗೂ ಒಪ್ಪುವುದಿಲ್ಲ.

ಕೆಲವು ತಿಂಗಳ ಬಳಿಕ ಸವಣೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಪಂಚಾಯಿತಿಯ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ನಮ್ಮ ಮಹಿಳಾ ಸಂಘದ, ಹೊಲಿಗೆಯಿಂದ ಬದುಕುವ ಹೆಣ್ಣುಮಗಳೊಬ್ಬಳು ನಿಂತು ಗೆದ್ದಳು. ಗುಲಾಲು ಎರಚುವುದು ನನಗೆ ಸೇರದು. ಆದರೂ ಅಂದು ಎರಚಿಸಿಕೊಂಡೆ. ದಿಲ್ಲಿ ಕೈತಪ್ಪಿದರೇನು, ನಮ್ಮ ಓಣಿಯಾದರೂ ನ್ಯಾಯವಾಗಿ ನಡೆದುಕೊಂಡಿತಲ್ಲ ಎಂಬ ಸಮಾಧಾನವಿತ್ತು.

ಪಕ್ಕದ ಮನೆಯ ಅಜ್ಜಿ ಮಾತ್ರ ಅಂದು ಹೊರಗೆ ಬರಲಿಲ್ಲ. ವಿಚಾರಿಸಲು ಹೋದರೆ ಊಟ ಬಿಟ್ಟು ಕುಳಿತಿದ್ದಳು. ಮತದಾನಕ್ಕೆ ಮುಂಚೆ ನಮ್ಮ ಅಭ್ಯರ್ಥಿಯ ಭಾವ, ಅಂದರೆ ಗಂಡನ ಅಣ್ಣ, ಬೀರದೇವರ ಭಂಡಾರವನ್ನು ತಟ್ಟೆಯಲ್ಲಿ ಹಿಡಿದು ಮನೆಮನೆಗೆ ಹೋಗಿ, ಆ ಅರಿಸಿನಪುಡಿ ಮುಟ್ಟಿಸಿ, ನಮಗೇ ಮತ ಹಾಕುವುದಾಗಿ ಆಣೆ ಮಾಡಿಸಿದ್ದ. ಹಿಂದೊಮ್ಮೆ ಎದುರಾಳಿಯ ಕಡೆಯವನೊಬ್ಬ ಅಜ್ಜಿಯ ಗಂಡನನ್ನು ತನ್ನ ಟೆಂಪೋದಲ್ಲಿ ಶಿಗ್ಗಾಂವಿಯ ಆಸ್ಪತ್ರೆಗೆ ಒಯ್ದಿದ್ದನಂತೆ. ಆ ಋಣಕ್ಕೆ ಅಜ್ಜಿ ಅವರ ಗುರುತಿಗೇ ಮುದ್ರೆ ಒತ್ತಿ ಬಂದಿದ್ದಳು.

“ಭಂಡಾರ ಮುಟ್ಟಿದ್ದು ನಿಮಗ, ಸಿಕ್ಕಾ ಹೊಡದದ್ದು ಅವರಿಗೆ. ಮಗಳು ಬಸರಿ ಅದಾಳ, ಕಾಲು ಬಾತಾವು. ದ್ಯಾವ್ರು ಸುಮ್ಮನಿರತಾನೇನ ಯವ್ವಾ?”

ದೇವರು ಮತಪೆಟ್ಟಿಗೆ ಕಾಯುವುದಿಲ್ಲ ಎಂದೆ. ಅದು ಓದಿದ ಶಾಣ್ಯಾರ ಮಾತು ಎಂದು ಮುಖ ತಿರುಗಿಸಿದಳು. ಮಗಳನ್ನು ಆಸ್ಪತ್ರೆಗೆ ತೋರಿಸಿದೆವು. ವೈದ್ಯರು ಔಷಧಿ ಕೊಟ್ಟು ವಿಶ್ರಾಂತಿ ಹೇಳಿದರು. ಆದರೂ ಅಜ್ಜಿ ತುತ್ತು ಮುಟ್ಟಲಿಲ್ಲ. ಯಾರ ಸಲುವಾಗಿ ಆಣೆ ಹಾಕಿಸಿದ್ದರೋ ಅವರೇ ಬಿಡಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ.

ಗೆದ್ದವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೆದರಿಸಿ ಪಡೆದ ಮತ ಕದ್ದ ಮತವೇ ಎಂದೆ. ಕಟ್ಟೆಯ ಮೇಲಿದ್ದ ಭಾವ ನಕ್ಕ.

“ಆಣಿ ಬಿಡಿಸಿದ್ರ ಮುಂದಿನ ಸಲ ನಿಮ್ಮ ಕರಪತ್ರ ಓದಿ ಹಾಕ್ತಾರೇನ್ರಿ ಅಕ್ಕಾರ? ಲೋಕಸಭಾದಾಗ ಕಂಡೇವಲ್ಲ.”

ಮಾತು ನಾಟಿತು. “ಆ ಸೋಲು ನನಗ ಸಂಕಟ ಕೊಟ್ಟೇತಿ. ಈ ಗೆಲುವು ನಾಚಿಕಿ ತಂದೈತಿ,” ಎಂದೆ.

ಅವಳು ಹೊಲಿಗೆಯ ಯಂತ್ರ ನಿಲ್ಲಿಸಿ, ಎಷ್ಟು ಮನೆಗೆ ಹೋಗಿದ್ದಿರಿ ಎಂದು ಭಾವನನ್ನು ಕೇಳಿದಳು. ಇಡೀ ಓಣಿಗೆ ಎಂದ. ಅದುವರೆಗೆ ಭಾವನಿಗೆ ಎದುರಾಡದಿದ್ದ ಅವಳು ಆ ಸಂಜೆಯೇ ಡಂಗುರ ಸಾರಿಸಿ ಓಣಿಯವರನ್ನು ಬೀರದೇವರ ಗುಡಿಗೆ ಕರೆಸಿದಳು. ಅಜ್ಜಿಯ ಹಣೆಗೆ ಭಂಡಾರ ಹಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ನನ್ನ ಸಲುವಾಗಿ ಹಾಕಿಸಿದ ಆಣಿ ಬಿಡಿಸೇನಿ. ನನಗ ಓಟು ಹಾಕಿದವರಿಗೂ ಬಿಟ್ಟಿತು, ಹಾಕದವರಿಗೂ ಬಿಟ್ಟಿತು. ಯಾರಿಗೆ ಹಾಕಿದ್ರಿ ಅಂತ ನಾ ಕೇಳಂಗಿಲ್ಲ.”

ಒಬ್ಬೊಬ್ಬರಾಗಿ ಹಣೆಯೊಡ್ಡತೊಡಗಿದರು. ಸಾಲು ಗುಡಿಯ ಅಂಗಳ ದಾಟಿತು. ಭಾವನ ಮುಖ ಕಪ್ಪಿಟ್ಟಿತು. “ಇಷ್ಟ ಮಂದಿ ಹಾಕಿಲ್ಲಂದ್ರ ನಾವು ಗೆದ್ದದ್ದರ ಹೆಂಗ?” ಎಂದು ಗೊಣಗಿದ. ನಮಗೆ ಮತ ಹಾಕಿದವರಿಗೂ ಆಣೆ ಭಾರವಾಗಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ನಮ್ಮ ಸಂಘದಲ್ಲಿಯೇ ಕೆಲವರು, ಕೈಯಲ್ಲಿದ್ದುದನ್ನು ಚೆಲ್ಲಿದಿರಿ ಎಂದು ನನ್ನೊಡನೆ ಮಾತು ಬಿಟ್ಟರು. ಬಿಡಲಿ. ಎದುರಾಳಿ ಮಾಡಿದರೆ ಅನ್ಯಾಯ, ನಾವು ಮಾಡಿದರೆ ತಂತ್ರ ಎನ್ನುವ ರಾಜಕಾರಣಕ್ಕೆ ನಾನು ಕರಪತ್ರ ಹಂಚುವುದಿಲ್ಲ.

ಗುಡಿಯಿಂದ ಮರಳಿದ ಅಜ್ಜಿ ರೊಟ್ಟಿ ಮುರಿಯುತ್ತ, ಮುಂದಿನ ಸಲ ಏನು ಮಾಡುತ್ತೀ ಎಂದು ಕೇಳಿದಳು.

“ನಮಗ ಹಾಕು ಅಂತ ನಿನ್ನ ಬಾಗಿಲಿಗೆ ಬಂದು ವಾದ ಮಾಡ್ತೇನಿ. ಆಣಿ ಹಾಕ್ಸಂಗಿಲ್ಲ.”

“ಬಾ,” ಎಂದಳು. “ಹಾಕ್ತೇನಿ ಅಂತ ಮಾತ್ರ ಹೇಳಂಗಿಲ್ಲ.”