ಕೈ ಕುಲುಕಿದ್ದು ಕಾಗದದಲ್ಲಿ ಇರಲಿಲ್ಲ

ರಾಂಡಲ್ ನೇಪಿಯರ್ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಆಸ್ಪತ್ರೆಯಲ್ಲಿ. ಸುದ್ದಿ ತಿಳಿದು ಓಡಿ ಹೋಗಿದ್ದೆ. ಏಪ್ರನ್ನಿನ ಜೇಬಿನಲ್ಲಿ ಅರ್ಧ ನಾರು ತೆಗೆದ ಬೀನ್ಸ್ ಹಾಗೇ ಇತ್ತು. ಒಳಗೆ ನನ್ನ ಗಂಡ ಎಸ್ಟಿಲ್ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ. ಷರೀಫನ ಕಡೆಯ ಪೊಲೀಸಿನವನು ಟೋಪಿ ಕೈಯಲ್ಲಿ ಹಿಡಿದು ನನಗೆ ಹೇಳಿದ: "ನೋಡಿ ವರ್ನಮ್ಮ, ರಾಂಡಲ್ ನೇಪಿಯರ್ ಅಂತ, ದಿಮ್ಮಿ ಲಾರಿ ಓಡಿಸೋನು. ತನ್ನ ಸ್ವಂತ ಗಾಡೀಲಿ ಬಂದು ತಿರುವಲ್ಲಿ ಎಸ್ಟಿಲ್‌ಗೆ ಗುದ್ದಿದಾನೆ. ವಿಮೆ ಕಟ್ಟಿಲ್ಲ."

ಆ ದಿನ ಆ ಹೆಸರಿಗೆ ನಾನು ಕೊಟ್ಟ ಶಾಪವನ್ನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯ ಖರ್ಚಿಗಾಗಿ ಎಸ್ಟಿಲ್ ಕೋರ್ಟಿಗೆ ಹೋದ. ರಾಂಡಲ್ ಒಂಬತ್ತು ಸಾವಿರ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಅವನ ಬಳಿ ಒಂಬೈನೂರೂ ಇರಲಿಲ್ಲ. ತೀರ್ಪಿನ ಹಣ ತೀರುವವರೆಗೆ ಅವನು ಗಾಡಿ ಮುಟ್ಟುವಂತಿಲ್ಲವೆಂದು ಸರ್ಕಾರ ಲೈಸೆನ್ಸ್ ತಡೆಹಿಡಿಯಿತು. ಲಾರಿ ಓಡಿಸಿದರೆ ತಾನೇ ಹಣ? ನಮ್ಮ ಕಣಿವೆಗೆ ಬಸ್ಸು ಬರುವುದಿಲ್ಲ. ಮರ ಕೊಯ್ಯುವ ಮಿಲ್ಲು ಇಪ್ಪತ್ತೆರಡು ಮೈಲಿ ದೂರ. ಅಲ್ಲಿ ಹಲಗೆ ಪೇರಿಸುವ ಕೆಲಸಕ್ಕೆ ಇಳಿದ. ಅಲ್ಲಿಗೆ ಹೋಗುವುದಕ್ಕೂ ಬೆಳಗಾದರೆ ರಸ್ತೆಯ ಬಾಯಲ್ಲಿ ನಿಂತು ಯಾರದಾದರೂ ಗಾಡಿಗೆ ಕಾಯಬೇಕು.

ತೀರ್ಪಿನ ನಂತರದ ಮೊದಲ ವಸಂತದಲ್ಲಿ ರಾಂಡಲ್ ನಡೆದುಕೊಂಡು ನಮ್ಮ ಮನೆಗೆ ಬಂದ. ಮೆಟ್ಟಿಲ ಕೆಳಗೇ ನಿಂತ.

"ದುಡ್ಡಿಲ್ಲ ಎಸ್ಟಿಲ್ ಅಣ್ಣ. ಕೈಕಾಲು ಗಟ್ಟಿ ಇದೆ."

"ನನ್ನ ಸೊಂಟ ಮುರಿದು ನಿನ್ನ ಕೈಕಾಲಿನ ಸುದ್ದಿ ಹೇಳ್ತೀಯಾ?" ಎಂದ ಎಸ್ಟಿಲ್. ಆಮೇಲೆ ಕೋಲಿನಿಂದ ಮೇಲೆ ತೋರಿಸಿ, "ಮಾಡು ಸೋರ್ತಿದೆ. ಏಣಿ ಹಿಂದಿದೆ," ಎಂದ.

ಎರಡು ವರ್ಷ, ರಜೆಯ ದಿನವೆಲ್ಲ ದುಡಿದ. ಮಾಡು ಹೊಸದಾಯಿತು. ತೊರೆಯ ಮೇಲಿನ ಕೊಚ್ಚಿಹೋದ ಸೇತುವೆ ಎದ್ದಿತು. ಎರಡು ಚಳಿಗಾಲದ ಸೌದೆ ಅವನೇ ಸೀಳಿದ. ಎಸ್ಟಿಲ್ ಜಗಲಿಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತು ಕೆಣಕುತ್ತಿದ್ದ: "ಮೊಳೆ ಸೊಟ್ಟಗೆ ಹೋಯ್ತು ನೋಡು. ಗಾಡೀನೂ ಹಿಂಗೇ ಓಡಿಸ್ತಿದ್ದೇನೋ?"

"ಹಿಂಗೇ ಅಣ್ಣ. ಇಲ್ದಿದ್ರೆ ನಾನ್ಯಾಕೆ ನಿಮ್ಮ ಮಾಡಿನ ಮೇಲೆ ಇರ್ತಿದ್ದೆ?"

ನಾನು ಜೋಳದ ರೊಟ್ಟಿ, ಬೇಯಿಸಿದ ಬೀನ್ಸ್ ಮೆಟ್ಟಿಲ ಮೇಲಿಡುತ್ತಿದ್ದೆ. ಒಳಗೆ ಕರೆದದ್ದು ಎರಡನೇ ವರ್ಷ.

ಮೇ ತಿಂಗಳಲ್ಲಿ ಚರ್ಚಿನ ಅಂಗಳದ ಊಟದ ದಿನ ಎಸ್ಟಿಲ್ ಎಲ್ಲರೆದುರು ಎದ್ದು ನಿಂತ. "ಈ ಮನುಷ್ಯ ನನಗೆ ಇನ್ನೇನೂ ಕೊಡೋದಿಲ್ಲ. ನಮ್ಮದು ಚುಕ್ತಾ," ಎಂದು ರಾಂಡಲ್‌ನ ಕೈ ಹಿಡಿದು ಕುಲುಕಿದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮುದ್ರೆಯಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು.

ರಾಂಡಲ್ ಲೈಸೆನ್ಸ್ ಕಚೇರಿಗೆ ಹೋದರೆ, ತೀರ್ಪು ತೀರಿತೆಂದು ಎಸ್ಟಿಲ್ ಸಹಿ ಮಾಡಿದ ಕಾಗದ ಕೋರ್ಟಿನಲ್ಲಿ ಇಲ್ಲವೆಂದರು. ಹಿಂತಿರುಗಿ ಬಂದು ಕೇಳಿದಾಗ ಎಸ್ಟಿಲ್‌ನ ಕುತ್ತಿಗೆ ಕೆಂಪಾಯಿತು.

"ಊರೆಲ್ಲ ನೋಡ್ತಿದ್ದಾಗ ಕೈ ಕೊಟ್ಟಿದೀನಿ. ನನ್ನ ಮಾತು ಸಾಲದಾ ನಿಂಗೆ?"

"ನಂಗೆ ಸಾಕು ಅಣ್ಣ. ಅವರಿಗೆ ಸಾಲಲ್ವಂತೆ."

"ಹಾಗಾದ್ರೆ ಅವರನ್ನೇ ಇಲ್ಲಿಗೆ ಕಳ್ಸು."

ಮತ್ತೊಮ್ಮೆ ಕೇಳಿದರೆ ಎಸ್ಟಿಲ್‌ನನ್ನು ಸುಳ್ಳನೆಂದು ಕರೆದಂತೆ. ರಾಂಡಲ್ ಕೇಳಲಿಲ್ಲ. ಆ ಶರತ್ಕಾಲದಲ್ಲಿ ಸೌದೆ ರಾಶಿಯ ಪಕ್ಕ ಎಸ್ಟಿಲ್‌ನ ಹೃದಯ ನಿಂತಿತು. ಗುಂಡಿ ತೋಡಿದ ಆರು ಜನರಲ್ಲಿ ರಾಂಡಲ್ ಒಬ್ಬ.

ತಿಂಗಳಾದ ಮೇಲೆ ಅವನು ಹುಲ್ಲು ಕತ್ತರಿಸುವ ಪುಟ್ಟ ಮೋಟಾರು ಗಾಡಿಯ ಮೇಲೆ ಕೂತು ಬಂದ. ಅದಕ್ಕೆ ಲೈಸೆನ್ಸ್ ಬೇಡ. ನಮ್ಮ ಕಡೆ ಲೈಸೆನ್ಸ್ ಕಳೆದುಕೊಂಡವರು ಅಂಗಡಿಗೆ ಹೋಗುವುದು ಹಾಗೆಯೇ. ಅಂಗಡಿ ಜಗಲಿಯ ಗಂಡಸರು, "ಎಷ್ಟು ಮೈಲಿ ಕೊಡುತ್ತಪ್ಪಾ ನಿನ್ನ ಕಾರು?" ಎಂದರೆ, "ಮೈಲಿ ಕೇಳ್ಬೇಡಿ, ರಸ್ತೆ ಬದಿ ಹುಲ್ಲು ನೋಡಿ," ಎನ್ನುತ್ತಿದ್ದ. ಅವತ್ತು ನನ್ನೆದುರು ನಿಂತು ಅಂಗಿಯೊಳಗಿಂದ ಬ್ರೆಡ್ಡಿನ ಚೀಲದಲ್ಲಿ ಸುತ್ತಿದ ಕಾಗದ ತೆಗೆದ.

"ಎಸ್ಟಿಲ್ ಅಣ್ಣನ ಜಾಗದಲ್ಲಿ ನೀವು ಸಹಿ ಮಾಡಬಹುದಂತೆ ವರ್ನಮ್ಮ. ಕೋರ್ಟಿನ ಗುಮಾಸ್ತೆ ಎದುರಿಗೆ."

ನಾನು ಓದಿದ್ದು ಮೂರನೇ ತರಗತಿ. ನನ್ನ ತಾತ ಅಷ್ಟೂ ಓದಿರಲಿಲ್ಲ. ಒಬ್ಬ ಸಂಭಾವಿತ ಮನುಷ್ಯ ಇದೇ ಜಗಲಿಗೆ ಬಂದು, ನಯವಾಗಿ ಮಾತಾಡಿ, ಒಂದು ಕಾಗದಕ್ಕೆ ತಾತನ ಗೀಟು ಹಾಕಿಸಿಕೊಂಡು ಹೋಗಿದ್ದ. ಬೆಟ್ಟದಡಿಯ ಕಲ್ಲಿದ್ದಲು ಕಂಪನಿಯದಾಯಿತು. ನನಗೆ ಏಳು ವರ್ಷವಿದ್ದಾಗ ಯಂತ್ರ ಬಂದು ಅಜ್ಜಿಯ ತೋಟ ಅಗೆಯಿತು, ಬಾವಿಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಮನೆ ಬಾಗಿಲಿಗೆ ಬಂದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಅಜ್ಜಿ ನನ್ನಿಂದ ಮಾತು ತೆಗೆದುಕೊಂಡಿದ್ದಳು.

"ಇಟ್ಟು ಹೋಗು, ನೋಡ್ತೀನಿ," ಎಂದೆ. ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಹದಿನಾಲ್ಕು ತಿಂಗಳು ಅಲ್ಲೇ ಇತ್ತು. ಅವನಿಗೆ ಸೇರಬೇಕಾದದ್ದು ನನ್ನ ಅಡುಗೆಮನೆಯಲ್ಲಿತ್ತು. ಅದು ಗೊತ್ತಿದ್ದೂ ನನ್ನ ಕೈ ಏಳಲಿಲ್ಲ.

ನಾನೂ ಸಿಕ್ಕಿಬಿದ್ದಿದ್ದೆ. ಎಸ್ಟಿಲ್‌ನ ಕಾರು ಕೊಟ್ಟಿಗೆಯಲ್ಲಿತ್ತು, ನನಗೆ ಓಡಿಸಲು ಬಾರದು. ಭಾನುವಾರ ಚರ್ಚಿನ ವ್ಯಾನು ಬಂದರೆ ಮನುಷ್ಯರ ಮುಖ. ಫೆಬ್ರವರಿಯಲ್ಲಿ ಎದೆ ಕಟ್ಟಿ ಮಲಗಿದಾಗ, ಹಿಮ ಬೆರೆತ ಮಳೆಯಲ್ಲಿ ರಾಂಡಲ್ ಮೂರು ಮೈಲಿ ಆ ಗಾಡಿಯಲ್ಲಿ ನನ್ನ ಔಷಧಿ ತಂದ. ಗಡ್ಡದಿಂದ ನೀರು ಇಳಿಯುತ್ತಿತ್ತು. ಕಾಗದದ ಮಾತೆತ್ತಲಿಲ್ಲ. ಒಲೆಗೆ ಸೌದೆ ತುಂಬಿ ಹೊರಟ.

"ನಿಲ್ಲು," ಎಂದೆ. "ಆ ಡಬ್ಬಿ ಹಿಂದಿದೆ. ತೆಗೆದು ಓದು. ಜೋರಾಗಿ."

ಓದಿದ. ಮರುದಿನ ಅಂಚೆಯವನ ಕೈಲಿ ಓದಿಸಿದೆ. ಭಾನುವಾರ ಪಾದ್ರಿಯ ಹೆಂಡತಿಯ ಕೈಲಿ.

"ಬೆಟ್ಟದ ಮಾತು ಎಲ್ಲಾದ್ರೂ ಇದೆಯಾ?"

"ಇಲ್ಲ ವರ್ನಾ. ಬಾವೀದೂ ಇಲ್ಲ," ಎಂದಳು ಆಕೆ.

ಮೂವರೂ ಓದಿದ್ದು ಒಂದೇ. ಆ ವಾರ ಚರ್ಚಿನ ವ್ಯಾನಿನಲ್ಲಿ ಹೋಗಿ ಗುಮಾಸ್ತೆಯ ಎದುರು ನನ್ನ ಹೆಸರು ಬರೆದೆ. ಕೊನೆಯ ಅಕ್ಷರ ಗೆರೆ ದಾಟಿತು. ಆಕೆ ಮುದ್ರೆ ಒತ್ತಿದಳು. "ಇಷ್ಟೇನಾ?" ಎಂದೆ. "ಇಷ್ಟೇ ಅಮ್ಮ," ಎಂದಳು. ರಾಂಡಲ್ ಗೋಡೆಗೆ ಮುಖ ಮಾಡಿ ನಿಂತಿದ್ದ.

ವಿಮೆ ಕಟ್ಟಿ, ಶುಲ್ಕ ಕಟ್ಟಿ, ಕಾರ್ಡು ಕೈಗೆ ಬರಲು ಇನ್ನೂ ಆರು ವಾರ. ಬಂದ ದಿನ ತೋರಿಸಲು ನಡೆದುಕೊಂಡೇ ಬಂದ. ಅವನನ್ನು ಕೊಟ್ಟಿಗೆಗೆ ಕರೆದೊಯ್ದೆ. ಎಸ್ಟಿಲ್‌ನ ಕಾರಿನ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

"ಕಾರು ನೀನು ಇಟ್ಕೋ," ಎಂದೆ. "ನಂಗೆ ಬೇಕಾದಾಗ ಅಂಗಡಿಗೆ, ಡಾಕ್ಟರ ಹತ್ರ, ಎಸ್ಟಿಲ್ ಸಮಾಧಿ ಹತ್ರ ಕರ್ಕೊಂಡು ಹೋಗು. ಅಲ್ಲಿಗೆ ಚುಕ್ತಾ." ಎಸ್ಟಿಲ್ ಚಾಚಿದ್ದ ಹಾಗೆಯೇ ಕೈ ಚಾಚಿದೆ.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆದರೆ ಕೈ ಕೊಡಲಿಲ್ಲ. ಹಿಂದೆ ಎಸ್ಟಿಲ್‌ನದಾದ ಹಾಗೆ ಅವನ ಕುತ್ತಿಗೆಯೂ ಕೆಂಪಾಗಿತ್ತು, ಇವನದು ನಾಚಿಕೆಯಿಂದ. ಆಮೇಲೆ ಇಷ್ಟು ವರ್ಷ ಅವನೇ ನನ್ನನ್ನು ಎಲ್ಲೆಡೆ ಕರೆದೊಯ್ಯುತ್ತಿದ್ದಾನೆ. ನನ್ನ ಬಳಿ ಮತ್ತೇನನ್ನೂ ಕೇಳಿಲ್ಲ. ಅವತ್ತು ಕೊಟ್ಟಿಗೆಯಲ್ಲಿ ಕೇಳಿದ್ದೇ ಕೊನೆ.

"ಒಳಗೆ ಹೋಗೋಣ ವರ್ನಮ್ಮ. ಈಗ ಹೇಳಿದ್ದನ್ನ ಒಂದು ಹಾಳೆ ಮೇಲೆ ಬರೆದು ಸಹಿ ಮಾಡಿ ಕೊಡ್ತೀರಾ?"