ಏಡನ್ನೋ ಸಿಂಗಾಪುರವೋ

ಮದುವೆಗೆ ಮುಂಚೆ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಧಾರೆ ಸೀರೆ ಯಾವ ಬಣ್ಣದ್ದಿರಲಿ ಅಂತ ಕೇಳಲಿಲ್ಲ, ಗಂಡು ಒಪ್ಪಿಗೆಯಾ ಅಂತಲೂ ಕೇಳಲಿಲ್ಲ. ಹೀಗಿರುವಾಗ ಮದುವೆಯಾದ ವರ್ಷವೇ ನಮ್ಮ ಯಜಮಾನರು ಕಟ್ಟೆಮಳಲವಾಡಿಯ ನಮ್ಮ ತವರಿಗೆ ಬಂದು, ಪಡಸಾಲೆಯಲ್ಲಿ ಎಲ್ಲರ ಎದುರಿಗೇ, "ಏಡನ್ನಿಗೆ ಹೋಗೋಣವೋ, ಸಿಂಗಾಪುರಕ್ಕೆ ಹೋಗೋಣವೋ, ನೀನೇ ಹೇಳು" ಎಂದುಬಿಟ್ಟರು. ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಹುಟ್ಟಿದಾರಭ್ಯ ಯಾರೂ ಒಂದು ಮಾತು ಕೇಳದವಳನ್ನು ಕೇಳುವುದಿದ್ದರೆ ಗೊತ್ತಿರುವುದನ್ನು ಕೇಳಬಾರದೇ?

ಅವರು ಕೃಷ್ಣರಾಜನಗರದ ಕಡೆಯವರು, ಮದ್ರಾಸಿನ ಒಂದು ಹಡಗಿನ ಕಂಪನಿಯಲ್ಲಿ ಗುಮಾಸ್ತರು. ಆ ಕಂಪನಿಗೆ ಎರಡು ಬಂದರಿನಲ್ಲೂ ಕಚೇರಿ ಇತ್ತು, ಎರಡರಲ್ಲೂ ಒಂದೊಂದು ಜಾಗ ಖಾಲಿ ಬಿದ್ದಿತ್ತು. ಯಾವುದು ಬೇಕೋ ಆರಿಸಿಕೊಳ್ಳಿ, ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು ಎಂದು ಕಂಪನಿಯ ದೊರೆ ಹೇಳಿದ್ದನಂತೆ. ಅರಬ್ಬರ ಕಡೆಯ ಏಡನ್ನಿನಲ್ಲಿ ಸಂಬಳ ಕಮ್ಮಿ, ಆದರೆ ಇರುವುದಕ್ಕೆ ಕೋಣೆ ಪುಕ್ಕಟೆ, ಸುಂಕವಿಲ್ಲದ ಬಂದರಾದ್ದರಿಂದ ಅಂಗಡಿ ಸಾಮಾನು ಅಗ್ಗ. ಸಿಂಗಾಪುರದಲ್ಲಿ ಸಂಬಳ ಜಾಸ್ತಿ, ಆದರೆ ಮನೆ ಬಾಡಿಗೆ ಕೈಯಿಂದ ಕೊಡಬೇಕು, ತರಕಾರಿಯಿಂದ ಹಿಡಿದು ಸೌದೆಯವರೆಗೆ ಎಲ್ಲ ತುಟ್ಟಿ. ಏಡನ್ನಿನಲ್ಲಿ ಒಂದು ಹಸಿರು ಕಡ್ಡಿ ಕಾಣಸಿಗದು, ಸಿಂಗಾಪುರದಲ್ಲಿ ಮಳೆ ಬಿಡುವುದೇ ಇಲ್ಲ. ಇಷ್ಟನ್ನೂ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿ, "ಹದಿನೈದು ದಿನ ಬಿಟ್ಟು ಬರ್ತೀನಿ, ಯೋಚನೆ ಮಾಡಿರು" ಎಂದು ಹೊರಟುಹೋದರು.

ಯೋಚನೆ ಮಾಡುವುದೇನು! ನಾನು ಕಂಡಿದ್ದ ಲೋಕ ಹುಣಸೂರಿನ ಸಂತೆ ಮತ್ತು ಒಂದು ಸಲ ಮೈಸೂರು. ಅದಕ್ಕೇ ಏಡನ್ ಅಂದರೆ ಹುಣಸೂರು, ಸಿಂಗಾಪುರ ಅಂದರೆ ಮೈಸೂರು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಹುಣಸೂರಿನಲ್ಲಿ ಎಲ್ಲ ಅಗ್ಗ, ನೋಡುವುದಕ್ಕೆ ಏನಿಲ್ಲ. ಮೈಸೂರಿನಲ್ಲಿ ಎಲ್ಲ ತುಟ್ಟಿ, ಆದರೆ ಅರಮನೆಯ ದೀಪ ನೋಡುತ್ತಾ ಹೊಟ್ಟೆ ತುಂಬಿಸಿಕೊಳ್ಳಬಹುದು. ಬೆಳಿಗ್ಗೆ ಕಸ ಗುಡಿಸುವಾಗ ಏಡನ್ನೇ ಸರಿ ಅನ್ನಿಸುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಸಿಂಗಾಪುರಕ್ಕೆ ಬಂದು ಇಳಿದಿರುತ್ತಿದ್ದೆ. ನಡುವಿನಲ್ಲಿರುವುದು ಸಮುದ್ರ ಎನ್ನುವುದಂತೂ ತಲೆಗೆ ಹತ್ತಲೇ ಇಲ್ಲ.

ಅವ್ವನ ಲೆಕ್ಕ ಎಲ್ಲರಿಗಿಂತ ಸುಲಭದ್ದು. "ಎರಡರಲ್ಲಿ ಎಲ್ಲಿ ರಾಗಿ ಸಿಕ್ತದೆ?" ಎಂದು ಕೇಳಿದಳು. ಎರಡರಲ್ಲೂ ಸಿಗುವುದಿಲ್ಲ ಎಂದು ಯಜಮಾನರು ಹೇಳಿಹೋಗಿದ್ದನ್ನು ನೆನಪಿಸಿದೆ. "ಮುದ್ದೆ ಇಲ್ದಿರೋ ಊರು ಅಗ್ಗ ಆದ್ರೇನು, ತುಟ್ಟಿ ಆದ್ರೇನು ಬುಡು" ಎಂದು ಒಲೆಯ ಕಡೆ ತಿರುಗಿಕೊಂಡಳು. ಅವಳ ಪಾಲಿಗೆ ವಿಚಾರ ಅಲ್ಲಿಗೆ ಮುಗಿಯಿತು.

ಅಪ್ಪಯ್ಯ ಹಾಗೆ ಬಿಡುವವರಲ್ಲ. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆಯನ್ನು ನೋಡಿಕೊಂಡು ಬರಬೇಕು. ಹಗೇವಿನಲ್ಲಿ ರಾಗಿ ಎಷ್ಟಿದೆ, ಹುಲ್ಲಿನ ಮೆದೆ ಎಷ್ಟೆತ್ತರ, ಕೊಟ್ಟಿಗೆಯಲ್ಲಿ ಎಷ್ಟು ದನ ಅಂತ ಉಳಿದವರು ನೋಡಿದರೆ ಅಪ್ಪಯ್ಯ ನೇರವಾಗಿ ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಿದ್ದರು. ಮೆದೆಯನ್ನು ಪಕ್ಕದ ಮನೆಯವರಿಂದ ಎರವಲು ತಂದು ಒಟ್ಟಬಹುದು, ತಿಪ್ಪೆಯನ್ನು ಯಾರೂ ಎರವಲು ತರುವುದಿಲ್ಲ ಎನ್ನುವುದು ಅವರ ವಾದ. ಊರಲ್ಲಿ ಯಾರ ಹೆಣ್ಣುಮಗಳಿಗೆ ಸಂಬಂಧ ಬಂದರೂ ಮನೆ ನೋಡುವುದಕ್ಕೆ ಅಪ್ಪಯ್ಯನನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು. ಅಂಥವರಿಗೆ ಈಗ ತಿಪ್ಪೆಯೇ ಇಲ್ಲದ ಎರಡು ಊರು ಗಂಟುಬಿದ್ದಿದ್ದವು, ಅದೂ ಸಮುದ್ರದ ಆಚೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಒಂದು ದಾರಿ ಕಂಡುಹಿಡಿದರು. ಊರನ್ನು ನೋಡಲಾಗದಿದ್ದರೆ ಊರು ನೋಡಿದವರನ್ನು ನೋಡುವುದು. "ನೀನೂ ಬಾ ಮಗ, ಕಿವಿಯಾರೆ ಕೇಳಿಸ್ಕೊ" ಎಂದರು. ಮನೆ ನೋಡುವುದಕ್ಕೆ ಹುಡುಗಿಯನ್ನೇ ಕರೆದುಕೊಂಡು ಹೋದದ್ದು ನಮ್ಮ ಕಡೆ ಅದೇ ಮೊದಲಿರಬೇಕು.

ಮೊದಲು ಪಿರಿಯಾಪಟ್ಟಣಕ್ಕೆ ಹೋದೆವು. ಅಲ್ಲಿ ಅಪ್ಪಯ್ಯನಿಗೆ ಹೊಗೆಸೊಪ್ಪಿನ ವ್ಯಾಪಾರದಿಂದ ಪರಿಚಯವಾದ ಸಾಬರೊಬ್ಬರಿದ್ದರು. ಅವರ ತಾಯಿ ಹಜ್ ಯಾತ್ರೆ ಮುಗಿಸಿ ಬಂದವರು, ದಾರಿಯಲ್ಲಿ ಏಡನ್ ಕಂಡವರು. ಬೆಳ್ಳಗೆ, ಪುಟ್ಟಗೆ, ಮಾತಿಗೆ ಮೊದಲು ನಗುವ ಅಜ್ಜಿ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಏಡನ್ ಚೆನ್ನಾಗಿ ನೋಡಿದೀನಿ ಬೇಟಿ. ಕರೀ ಕಲ್ಲು ಬೆಟ್ಟ, ಅದರ ಕೆಳಗೆ ಬಿಳೀ ಮನೆಗಳು. ಬಿಸಿಲು ಅಂದರೆ ಬಿಸಿಲು."

"ಅಲ್ಲಿ ಅಕ್ಕಿ ಎಂಗಮ್ಮ, ಏನು ರೇಟು?" ಅಪ್ಪಯ್ಯ ಕೇಳಿದರು.

"ನಮ್ಮನ್ನ ಇಳಿಸಿದ್ರೆ ತಾನೆ ರೇಟು ಕೇಳೋದು? ಹಡಗು ನಿಂತಿತ್ತು, ನಾವು ಮೇಲಿಂದ ನೋಡ್ತಾ ಇದ್ವಿ."

ಸಣ್ಣ ಸಣ್ಣ ದೋಣಿಗಳಲ್ಲಿ ವ್ಯಾಪಾರದವರು ಹಡಗಿನ ಬುಡಕ್ಕೆ ಬಂದರಂತೆ. ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟರೆ ಸಾಮಾನು ತುಂಬಿ ಕಳಿಸುತ್ತಿದ್ದರಂತೆ. ಆ ಹೊತ್ತಿಗೆ ಅಜ್ಜಿಯ ಕೈಯಲ್ಲಿ ದುಡ್ಡಿರಲಿಲ್ಲ. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಬುಟ್ಟಿಯಲ್ಲಿಟ್ಟು ಇಳಿಸಿದರು. ದೋಣಿಯವನು ಮುಚ್ಚಳ ತೆಗೆದು ಮೂಸಿ, ಒಂದು ಬೆರಳು ನೆಕ್ಕಿ, ಬುಟ್ಟಿ ತುಂಬ ಖರ್ಜೂರ ಕಳಿಸಿದ. ಇದನ್ನು ಹೇಳಿ ಅಜ್ಜಿ ಮನಸಾರೆ ನಕ್ಕರು. ನನಗೆ ಏಡನ್ ಬಹಳ ಇಷ್ಟವಾಯಿತು. ಉಪ್ಪಿನಕಾಯಿ ಹಾಕುವುದರಲ್ಲಿ ನಾನೂ ಏನು ಕಮ್ಮಿ ಇರಲಿಲ್ಲ.

ಬಸ್ಸಿಗೆ ಕಾಯುವಾಗ ಅಪ್ಪಯ್ಯ ತೀರ್ಪು ಕೊಟ್ಟರು. "ಏಡನ್ ಬ್ಯಾಡ ಕಣವ್ವ. ಇಳಿಯೋ ಅಂಥ ಊರಾಗಿದ್ರೆ ಆಯಮ್ಮ ಇಳೀತಿರ್ಲಿಲ್ವಾ?"

ಇಳಿಸಲಿಲ್ಲ ಅಂದರಲ್ಲ ಅಪ್ಪಯ್ಯ ಎಂದೆ. ಅವರಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ. ಕಡ್ಲೆಪುರಿ ಕೊಡಿಸಿದರು. ಅವರು ಹಾಗೆ ಕೇಳದೆಯೇ ಏನನ್ನಾದರೂ ಕೊಡಿಸಿದವರಲ್ಲ. ನನಗೆ ಒಂದಿಷ್ಟು ಆಶ್ಚರ್ಯವಾಯಿತು.

ಸಿಂಗಾಪುರ ನೋಡಿದವನು ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಲ್ಲಿದ್ದ. ಲಡಾಯಿಗೆ ಹೋಗಿ ಬಂದ ಸಿಪಾಯಿ, ರಸ್ತೆ ಪಕ್ಕ ಬೀಡಿ ಬೆಂಕಿಪೊಟ್ಟಣದ ಅಂಗಡಿ ಇಟ್ಟುಕೊಂಡಿದ್ದ. ನಾವು ಹೋದಾಗ ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತಿದ್ದ. ಅಪ್ಪಯ್ಯ ಬಂದ ವಿಷಯ ಹೇಳಿದರು. ಅವನು ನನ್ನನ್ನೊಮ್ಮೆ ನೋಡಿ, ಎದ್ದು ಹಲಗೆ ಬಿಟ್ಟುಕೊಟ್ಟ.

"ಅಲ್ಲಿ ಸೆರೆ ಸಿಕ್ಕಿದ್ವು ಕಣ್ರೀ ಯಜಮಾನ್ರೇ. ನಾನು ಕಂಡಿರೋ ಸಿಂಗಾಪುರ ಅದು. ಈಗ ಎಂಗದ್ಯೋ ನಂಗೊತ್ತಿಲ್ಲ."

"ಆದ್ರೂವೆ... ಅಕ್ಕಿ ಪಕ್ಕಿ ಏನು ಬೆಲೆ ಇತ್ತು?"

"ಅಕ್ಕಿ ಕಣ್ಣಲ್ಲಿ ನೋಡ್ನಿಲ್ಲ. ಊರ ಜನ ಮರಗೆಣಸು ತಿಂತಿದ್ರು. ಅದೂ ಸಿಕ್ಕಿದ ದಿನ."

"ಅದೇನು ಬೆಲೆ?"

ಅಪ್ಪಯ್ಯನ ಮಾತಿಗೆ ನನಗೆ ನಾಚಿಕೆಯಾಯಿತು. ಸಿಪಾಯಿ ನನ್ನ ಕಡೆ ತಿರುಗಿ ಹೇಳಿದ. ಜಪಾನಿನವರು ಸೆರೆಯಾಳುಗಳನ್ನು ರಸ್ತೆ ಕೆಲಸಕ್ಕೆ ಹಚ್ಚಿದ್ದರು. ದಾರಿಯ ಪಕ್ಕದ ಜೋಪಡಿಯಿಂದ ಒಬ್ಬಳು ಚೀನೀ ಹೆಂಗಸು ಬಂದಳು. ಅವಳೇ ಬರೀ ಮೂಳೆ ಚಕ್ಕಳ. ಕಾವಲಿನವನು ಆ ಕಡೆ ತಿರುಗಿದ್ದಾಗ ಅಂಗಿಯ ಒಳಗಿಂದಲೋ ಎಲ್ಲಿಂದಲೋ ಬೇಯಿಸಿದ ಮರಗೆಣಸು ತೆಗೆದು ಇವರ ಕಡೆ ಎಸೆದಳು. ಕಾವಲಿನವನು ಕಂಡುಬಿಟ್ಟ, ಬಂದೂಕಿನ ಹಿಂಬದಿಯಿಂದ ಹೊಡೆದ. ಅವಳು ಮಣ್ಣಿನಲ್ಲಿ ಬಿದ್ದಳು. ಅವಳಿಗೆ ಇವರ ಗುರುತಿಲ್ಲ, ಭಾಷೆ ಗೊತ್ತಿಲ್ಲ.

"ಮಾರನೆ ದಿನ ಮತ್ತೆ ಬಂದ್ಲು ಕಣವ್ವ" ಎಂದ. "ಮತ್ತೆ ಎಸೆದ್ಲು. ಏನು ಬೆಲೆ ಅಂತ ಹೇಳ್ಲಿ ನಾನು?"

ಅಪ್ಪಯ್ಯ ಒಂದು ಕಟ್ಟು ಬೀಡಿ ಕೊಂಡರು, ಬೀಡಿ ಸೇದದವರು. ವಾಪಸು ಬರುವ ಬಸ್ಸಿನಲ್ಲಿ ಹುಣಸೂರು ಹತ್ತಿರವಾದಾಗ ಅವರ ಮುಖ ತಿಳಿಯಾಯಿತು. "ಕೇಳಿಸ್ಕೊಂಡ್ಯಲ್ಲ? ಹೆಂಗಸರಿಗೂ ಬಂದೂಕದಲ್ಲಿ ಹೊಡೀತಾರೆ. ಅದೂ ಬ್ಯಾಡ" ಎಂದರು.

ಆಗ ನನಗೆ ಗೊತ್ತಾಯಿತು. ಅಪ್ಪಯ್ಯ ಎರಡು ಊರುಗಳನ್ನು ಹೋಲಿಸುವುದಕ್ಕೆ ಬಂದಿರಲಿಲ್ಲ. ಎರಡೂ ಬೇಡ ಎನ್ನುವುದಕ್ಕೆ ಒಂದೊಂದು ನೆಪ ಹುಡುಕಿಕೊಂಡು ಬಂದಿದ್ದರು, ಎರಡೂ ಸಿಕ್ಕಿದ್ದವು. ಕೃಷ್ಣರಾಜನಗರದ ಮನೆ ನೋಡುವಾಗ ಒಪ್ಪಬೇಕು ಅಂತ ಹೋದವರು, ಈ ಸಲ ಒಪ್ಪಬಾರದು ಅಂತ ಹೋಗಿದ್ದರು. ಸಿಟ್ಟು ಬಂತು. ಹಿಂದೆಯೇ ಅಳು ಬಂತು. ಯಾವುದಕ್ಕೆ ಬಂದದ್ದು ಅಂತ ಮಾತ್ರ ಬಗೆಹರಿಯಲಿಲ್ಲ. ನನ್ನನ್ನು ಕಳಿಸುವುದಕ್ಕೆ ಇಷ್ಟೊಂದು ಸಂಕಟಪಡುವವರೊಬ್ಬರು ಇದ್ದಾರೆ ಅಂತ ನನಗೆ ಆವತ್ತಿನವರೆಗೆ ಯಾರೂ ಹೇಳಿರಲಿಲ್ಲ, ಅವರಂತೂ ಹೇಳುವವರಲ್ಲ. ಇಲ್ಲೇ ಇದ್ದುಬಿಡಲೇ ಅನ್ನಿಸಿತು. ಆದರೆ ಸಿಪಾಯಿ ಹೇಳಿದ್ದರಲ್ಲಿ ಕಾವಲಿನವನು ಹೊಡೆದದ್ದನ್ನು ಅಪ್ಪಯ್ಯ ಕೇಳಿಸಿಕೊಂಡಿದ್ದರು, ಅವಳು ಮಾರನೆಯ ದಿನ ಮತ್ತೆ ಬಂದದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅಂಥ ಹೆಂಗಸು ಇರುವ ಊರಿನಲ್ಲಿ ಬಾಡಿಗೆ ತುಟ್ಟಿಯಾದರೆ ಆಗಲಿ ಅಂತ ನನಗೇ ಗೊತ್ತಿಲ್ಲದ ಹಾಗೆ ಮನಸ್ಸು ಕೂತುಬಿಟ್ಟಿತ್ತು. ಇದು ಲೆಕ್ಕವಲ್ಲ, ಹುಚ್ಚು. ಅವಳು ಬದುಕಿದ್ದಳೋ ಇಲ್ಲವೋ ಯಾರಿಗೆ ಗೊತ್ತು?

ಯಜಮಾನರು ಹೇಳಿದ ದಿನವೇ ಬಂದರು. ಅಪ್ಪಯ್ಯ ಎದುರಿಗೆ ಕೂರಿಸಿಕೊಂಡು ಏಡನ್ನಿನ ತಪ್ಪುಗಳನ್ನೆಲ್ಲ ಹೇಳಿದರು, ಸಿಂಗಾಪುರದ ತಪ್ಪುಗಳನ್ನೆಲ್ಲ ಹೇಳಿದರು. ಏಡನ್ನಿನಲ್ಲಿ ಉಪ್ಪಿನಕಾಯಿ ಕೊಟ್ಟು ಖರ್ಜೂರ ತಿನ್ನಬೇಕಾಗುತ್ತದೆ ಎನ್ನುವುದೂ ತಪ್ಪುಗಳಲ್ಲಿ ಒಂದಾಗಿತ್ತು. ಅಳಿಯ ತಲೆ ಬಗ್ಗಿಸಿ ಕೇಳಿದರು. "ಹಾಗಾದರೆ ನಾನೊಬ್ಬನೇ ಹೋಗ್ತೀನಿ ಮಾವ. ಯಾವುದಕ್ಕೆ ಹೋಗಬೇಕು ಅಂತ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇವಳನ್ನ ಕೇಳಿದ್ದು" ಎಂದರು. ಈ ಮನುಷ್ಯನಿಗೂ ನನ್ನಷ್ಟೇ ಹೆದರಿಕೆ ಎನ್ನುವುದು ನನಗೆ ಹೊಳೆದದ್ದು ಆಗಲೇ.

ನಾನು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದು, "ಸಿಂಗಾಪುರಕ್ಕೆ ಹೋಗೋಣ" ಎಂದೆ.

ಅಪ್ಪಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ಅಲ್ಲಿ ನೀರು ಎಂಗೆ ಅಂತ ನಾವು ಕೇಳ್ನೇ ಇಲ್ವಲ್ಲ ಮಗ" ಎಂದರು.

ಮಾರನೆಯ ದಿನ ನಾನು ಏಳುವಷ್ಟರಲ್ಲಿ ಅವರು ಮನೆಯಲ್ಲಿರಲಿಲ್ಲ. ಒಬ್ಬರೇ ಮತ್ತೆ ಹ್ಯಾಂಡ್‌ಪೋಸ್ಟಿಗೆ ಹೋಗಿದ್ದರು. ಸಂಜೆ ಬಂದು, ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ನನ್ನ ಮುಖ ನೋಡದೆ ಹೇಳಿದರು.

"ನೀರು ಸಿಹಿಯಾಗೇ ಅದಂತೆ ಕಣವ್ವ."