ಬೇಡ ಎನ್ನಲು ಬಾರದವರ ಕಾಲೇಜು

ನಮ್ಮ ಕಾಲೇಜು ಹೇಗೆ ಶುರುವಾಯಿತು ಎಂದು ಯಾರು ಕೇಳಿದರೂ ಇಗರ್ಜಿಯ ಹಾಲಿನಲ್ಲಿ ದೀಪ ಹಚ್ಚಿದ ಫೋಟೋ ತೋರಿಸುತ್ತಾರೆ. ವರ್ಷ ವರ್ಷ ಕಾಲೇಜಿನ ಸಂಚಿಕೆಯಲ್ಲಿ ಅದೇ ಫೋಟೋ. ದೀಪ, ಬಿಷಪರು, ಹಾರಗಳು, ಹಿಂದೆ ಮೂಲೆಯಲ್ಲಿ ಅರ್ಧ ಮುಖ ಕಾಣಿಸುವ ನಾನು. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಲೇಜು ಶುರುವಾದದ್ದು ದೀಪದಿಂದಲ್ಲ. ಮೇ ತಿಂಗಳ ಸೆಕೆಯಲ್ಲಿ ಕಂಡಕಂಡವರ ಜಗಲಿ ಹತ್ತಿ, ಬೇಡವೆಂದರೂ ಬಿಡದೆ ಕೊಟ್ಟ ಕೋಕಂ ಪಾನಕವನ್ನು ಕುಡಿದು ಕುಡಿದು ಹಲ್ಲು ಜುಮ್ಮುಗಟ್ಟಿದ್ದರಿಂದ. ಅದರ ಫೋಟೋ ಯಾರೂ ತೆಗೆದಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ಹೊನ್ನಾವರದ ಈಚೆ ಹೆದ್ದಾರಿ ಪಕ್ಕದ ಒಂದು ಇಗರ್ಜಿಗೆ ದಕ್ಷಿಣ ಕನ್ನಡದ ಕಡೆಯಿಂದ ವಯಸ್ಸಾದ ಫಾದರ್ ಒಬ್ಬರು ಬಂದರು. ಬಂದವರು ಪೂಜೆ ಮಾಡಿಕೊಂಡು ಸುಮ್ಮನಿರಬಾರದಿತ್ತೇ? ಕಾಲೇಜು ಮಾಡಬೇಕೆಂದು ಹಟ ಹಿಡಿದರು. ಮಾಡುವುದಾದರೆ ನರ್ಸಿಂಗ್ ಮಾಡಿ, ಕಾಮರ್ಸ್ ಮಾಡಿ ಎಂದು ಊರೇ ಹೇಳಿತು. ಅವರದೇ ಇಗರ್ಜಿಯ ಜನವೂ ಹೇಳಿತು. ಆ ಮನುಷ್ಯ ಬಿ.ಎ. ಅಂದರೆ ಬಿ.ಎ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ; ಅದರ ಮೇಲೆ ವಾರಕ್ಕೊಂದು ತಾಸು ಸಂಗೀತ, ಒಂದು ತಾಸು ತತ್ತ್ವಶಾಸ್ತ್ರ.

"ಕೆಲಸ ಕಲಿಸ್ಲಿಕ್ಕೆ ಬೇರೆಯವರು ಇದ್ದಾರೆ ಟೀಚರ್. ನಾವು ಯೋಚನೆ ಮಾಡ್ಲಿಕ್ಕೆ ಕಲಿಸುವ," ಎನ್ನುತ್ತಿದ್ದರು.

ನಾನಾಗ ಕುಮಟೆಯ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಕನ್ನಡ ಟೀಚರ್. ಫಾದರ್ ಕರೆದ ಕೂಡಲೇ ಆ ಕೆಲಸ ಬಿಟ್ಟು ಬಂದೆ. "ನಿಂಗೆ ತಲೆ ಸಮಾ ಅದ್ಯಾ?" ಎಂದು ನನ್ನ ಗಂಡ ಕೇಳಿದ.

ವಿಶ್ವವಿದ್ಯಾಲಯದವರು ಒಂದು ಷರತ್ತು ಹಾಕಿದ್ದರು. ತರಗತಿ ಶುರುವಾಗಿ ತಿಂಗಳೊಳಗೆ ತಪಾಸಣೆಗೆ ಬರುತ್ತೇವೆ, ಹದಿನೈದು ಮಕ್ಕಳಾದರೂ ಬೆಂಚಿನ ಮೇಲೆ ಕೂತಿರಬೇಕು, ಇಲ್ಲದಿದ್ದರೆ ಮಂಜೂರಾತಿ ಇಲ್ಲ. ಹಾಗಾಗಿ ಫಾದರ್ ಮತ್ತು ನಾನು ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೊರಟೆವು. ಮೊದಲು ನನ್ನೂರು ಹೊಳನಗದ್ದೆ, ಆಮೇಲೆ ಹಿರೇಗುತ್ತಿ, ಕೊನೆಗೆ ದಕ್ಷಿಣಕ್ಕೆ ಇಳಿದು ಮಾವಳ್ಳಿ. ಫಾದರ್ ಹತ್ತಿರ ಒಂದು ಹಳೇ ಜೀಪು ಇತ್ತು. ಅದು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು, ಇಳಿದು ದೂಡುವವಳು ನಾನು.

ಹೋದಲ್ಲೆಲ್ಲ ಒಂದೇ ನಾಟಕ. ಜಗಲಿಯ ಮೇಲೆ ಚಾಪೆ ಹಾಸುವುದು, "ಆಸರಿಗೆ ಎಂತ ಕೊಡ್ಲಿ?" ಎಂದು ಕೇಳುವುದು, ಕುಡಿಯಲು ಕೊಡುವುದು, ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆ ಆಡಿಸುವುದು. "ಅಡ್ಡಿಲ್ಲ, ಕಳ್ಸುವ" ಎನ್ನುವುದು. ಅಷ್ಟೇ ಅಲ್ಲ, ಒಳಗೆ ಹೋಗಿ ಪಿಯುಸಿ ಅಂಕಪಟ್ಟಿಯ ಝೆರಾಕ್ಸು ಮತ್ತು ಎರಡು ಫೋಟೋ ತಂದು ಕೈಗಿಡುವುದು. ಫಾದರ್ ಅವನ್ನು ಪಿನ್ನು ಹಾಕಿ ಫೈಲಿಗೆ ಸೇರಿಸಿ, ಹೆಸರು ಬರೆದು, ಅಡಿಗೆರೆ ಎಳೆಯುತ್ತಿದ್ದರು. ಜೀಪು ಹತ್ತುವಾಗ ಅವರ ಮುಖ ನೋಡಬೇಕಿತ್ತು. "ನಿಮ್ಮ ಜನ ಬಂಗಾರ ಟೀಚರ್, ಬಂಗಾರ," ಎನ್ನುತ್ತಿದ್ದರು.

ನನಗೆ ಗೊತ್ತಿತ್ತು. ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿರದೆ ಇರುತ್ತದೆಯೇ? ನಮ್ಮಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಮುಖಕ್ಕೆ ಮುಖ ಕೊಟ್ಟು ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಅದರಲ್ಲೂ ಬಿಳಿ ಅಂಗಿಯ ಪಾದ್ರಿ, ಜೊತೆಗೆ ಊರಿನ ಅಕ್ಕೋರು, ಅಂದರೆ ಟೀಚರಮ್ಮ, ನಾನು. ನನ್ನ ಸ್ವಂತ ಚಿಕ್ಕಪ್ಪನೇ ತನ್ನ ಮಗನ ಅಂಕಪಟ್ಟಿ ತಂದುಕೊಟ್ಟ. ಆ ಹುಡುಗನನ್ನು ಕುಮಟೆಯಲ್ಲಿ ಬಿ.ಕಾಂ.ಗೆ ಸೇರಿಸಿ ವಾರವಾಗಿದ್ದು ನನಗೂ ಗೊತ್ತು, ನನಗೆ ಗೊತ್ತಿರುವುದು ಚಿಕ್ಕಪ್ಪನಿಗೂ ಗೊತ್ತು. ಹಾಗಿದ್ದೂ ಕೊಟ್ಟ, ನಾನೂ ತೆಗೆದುಕೊಂಡೆ. ಫಾದರಿಗೆ ಒಂದು ಮಾತು ಹೇಳಬೇಕಿತ್ತು. ಅಷ್ಟು ಖುಷಿಯಲ್ಲಿರುವ ಮನುಷ್ಯನಿಗೆ ಹೇಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡು ಜೀಪು ದೂಡಿದೆ.

ಮಾವಳ್ಳಿಯಲ್ಲಿ ಮಾತ್ರ ಒಂದು ಮನೆಯಲ್ಲಿ ಚಾಪೆ ಹಾಸಲಿಲ್ಲ. ಮೀನು ಮಾರುವ ಹೆಂಗಸು. ಆಗತಾನೇ ಮಾರ್ಕೆಟ್ಟಿನಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು. ದೊಡ್ಡ ಮಗಳು ಪಿಯುಸಿ ಪಾಸಾಗಿದ್ದಳು, ಸಣ್ಣವಳಿಗೆ ಆರೋ ಏಳೋ ವರ್ಷ. ಫಾದರ್ ತಮ್ಮ ಭಾಷಣ ಶುರುಮಾಡುವ ಮೊದಲೇ ಅವಳು, "ಕಳ್ಸುದಿಲ್ಲ," ಎಂದಳು.

ಫಾದರಿಗೆ ಅರ್ಥವೇ ಆಗಲಿಲ್ಲ. ಹತ್ತು ದಿನದಲ್ಲಿ ಆ ಶಬ್ದ ಅವರ ಕಿವಿಗೆ ಬಿದ್ದಿರಲಿಲ್ಲ.

"ಯಾಕಮ್ಮಾ?" ಎಂದರು.

"ನಿಮ್ಮ ಕಾಲೇಜಲ್ಲಿ ಹುಡ್ಗೀರಿಗೆ ಪಾಯಖಾನೆ ಅದ್ಯಾ?"

ಫಾದರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಗರ್ಜಿ ಹಾಲಿನ ಹಿಂದೆ ಇದ್ದದ್ದು ಒಂದೇ ಪಾಯಖಾನೆ, ಅದಕ್ಕೂ ಬಾಗಿಲ ಚಿಲಕವಿರಲಿಲ್ಲ. ಸಂಗೀತ, ತತ್ತ್ವಶಾಸ್ತ್ರ ಎಲ್ಲ ಯೋಚಿಸಿದ ನಮಗೆ ಇದು ತಲೆಗೇ ಹೊಳೆದಿರಲಿಲ್ಲ.

"ಇಲ್ಲ ಅಲ್ದಾ? ಬೆಳಿಗ್ಗೆ ಹೋದ ಹುಡ್ಗಿ ಬೈಗಿನ ತನಕ ಎಂತ ಮಾಡುದು? ಟೆಂಪೋ ಎಷ್ಟೊತ್ತಿಗೆ, ಎಲ್ಲಿ ನಿಲ್ತದೆ, ಮಳೆಗಾಲದಲ್ಲಿ ಇಳಿದವ್ರು ನಿಲ್ಲುಕೆ ಸೂರು ಅದ್ಯಾ? ಯಾವ್ದೂ ನೋಡ್ಲಿಲ್ಲ ನೀವು. ಹೋಗಿ, ನೋಡ್ಕಂಡು ಬನ್ನಿ," ಎಂದು ಬುಟ್ಟಿಯನ್ನು ಬಿಸಿಲಿಗೆ ಕವುಚಿದಳು.

ಫಾದರ್ ಪಾಪ, ಬೇಜಾರಿನಿಂದ ಹೆಸರು ಬರೆಯದೆ ಫೈಲು ಮುಚ್ಚಿದರು. ಆದರೆ ಮರುದಿನವೇ ಮೇಸ್ತ್ರಿಯನ್ನು ಕರೆಸಿದರು.

ಜೂನ್ ಕೊನೆಗೆ ದೀಪ ಹಚ್ಚಿದರು. ಫೈಲಿನಲ್ಲಿ ನಲವತ್ತೊಂದು ಹೆಸರು, ಹಾಲಿನಲ್ಲಿ ನಲವತ್ತೊಂದು ಕುರ್ಚಿ. ಬಂದವರು ಹತ್ತು ಜನ. ಬಿಷಪರು ಮಾತಾಡುತ್ತಿದ್ದಾಗಲೂ ಫಾದರ್ ರಸ್ತೆಯ ಕಡೆ ನೋಡುತ್ತಿದ್ದರು. "ಟೆಂಪೋ ತಡ ಆಯಿತೋ ಏನೋ," ಎಂದು ನನ್ನ ಕಿವಿಯಲ್ಲಿ ಎರಡು ಸಲ ಅಂದರು. ಆ ಹೊತ್ತಿಗೆ ನಿಜವಾಗಿ ಒಂದು ಟೆಂಪೋ ನಿಂತಿತು. ಇಳಿದವಳು ಮಾವಳ್ಳಿಯ ಆ ಹೆಂಗಸು, ಎರಡೂ ಹೆಣ್ಣುಮಕ್ಕಳ ಸಮೇತ. ಸೀದಾ ಹಾಲಿನ ಹಿಂದೆ ಹೋಗಿ, ಹೊಸ ಪಾಯಖಾನೆಯ ಬಾಗಿಲು ತೆರೆದು ಮುಚ್ಚಿ, ಚಿಲಕ ಎಳೆದು ನೋಡಿ ಬಂದಳು. "ಆತು. ಹೆಸ್ರು ಬರ್ಕಣಿ," ಎಂದಳು. ಹನ್ನೊಂದಾಯಿತು.

ಬಾರದವರ ಮನೆಗೆ ನಾನೊಬ್ಬಳೇ ಮತ್ತೆ ಹೋದೆ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಇತ್ತು. ಮತ್ತೆ ಚಾಪೆ, ಮತ್ತೆ ಪಾನಕ. ಒಂದೇ ಅಂಕಪಟ್ಟಿಯ ಝೆರಾಕ್ಸನ್ನು ಭಟ್ಕಳದ ಕಾಲೇಜಿನವರಿಗೂ ಕುಮಟೆಯವರಿಗೂ ನಮಗೂ ಹಂಚಿದ್ದರು. "ಅಲ್ಲ ಅಕ್ಕೋರೇ, ಬಿಸ್ಲಲ್ಲಿ ಅಷ್ಟು ದೂರ ಬಂದವ್ರಿಗೆ ಇಲ್ಲ ಅಂಬುದು ಹೆಂಗೆ?" ಎಂದು ಹಿರೇಗುತ್ತಿಯ ಒಬ್ಬ ಅಜ್ಜ ನನಗೇ ಕೇಳಿದ, ತಪ್ಪು ನನ್ನದು ಅನ್ನುವ ಹಾಗೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮರ್ಯಾದೆ ಕೊಟ್ಟು ಕೊಟ್ಟೇ ಒಬ್ಬ ಮುದುಕನ ಕಾಲೇಜನ್ನು ಮುಳುಗಿಸಲು ಹೊರಟ ಜನ ಇವರು.

ಉಳಿಸಿದವಳು ಆ ಮೀನಿನ ಹೆಂಗಸೇ. ಹದಿನೈದರ ಲೆಕ್ಕ ಕೇಳಿ, "ಮೊದ್ಲೇ ಹೇಳುಕೆ ಎಂತ ಆಗಿತ್ತು?" ಎಂದು ನನ್ನನ್ನು ಬೈದು, ಬುಟ್ಟಿ ಹೊತ್ತು ಹೋದ ಮನೆಗಳಲ್ಲೆಲ್ಲ ಜಗಳ ಮಾಡಿ ವಾರದೊಳಗೆ ನಾಲ್ಕು ಹುಡುಗಿಯರನ್ನು ಟೆಂಪೋ ಹತ್ತಿಸಿದಳು. ನಿನಗೆ ಇಷ್ಟು ಖಡಾಖಂಡಿತ ಮಾತು ಹೇಗೆ ಬರುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಮ್ಮ ವ್ಯಾಪಾರದಲ್ಲಿ ನೋಡ್ವ, ಮಾಡ್ವ ಅಂತ ಕೂತ್ರೆ ಮಧ್ಯಾಹ್ನಕ್ಕೆ ಮೀನು ಹಾಳಾತದೆ ಅಕ್ಕೋರೇ," ಎಂದಳು.

ತಪಾಸಣೆಯವರು ಬಂದರು, ತಲೆ ಎಣಿಸಿದರು, ಹೋದರು. ಮಂಜೂರಾತಿ ಬಂತು. ಆ ಸಂಜೆ ಫಾದರ್, "ಟೀಚರ್, ಅವರು ಬರುವುದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು. ಇಲ್ಲ ಎಂದು ಸುಳ್ಳು ಹೇಳಿದೆ.

ಆಮೇಲೆ ಕಾಲೇಜು ಬೆಳೆಯಿತು. ಬೆಳೆದದ್ದು ಹೇಗೆ ಎಂದು ಹೇಳಹೊರಟರೆ ಸಿಟ್ಟೇ ಬರುತ್ತದೆ. ಮೂರನೆಯ ವರ್ಷ ಬಿ.ಕಾಂ. ಬಂತು, ಆಮೇಲೆ ಬಿ.ಸಿ.ಎ. ಇಗರ್ಜಿಯ ಹಾಲು ಬಿಟ್ಟು ಮೂರು ಮಾಳಿಗೆಯ ಕಟ್ಟಡಕ್ಕೆ ಹೋದೆವು. ಬಿ.ಎ.ಗೆ ಮೊದಲು ಕೆಳಗಿನ ದೊಡ್ಡ ಕೋಣೆ, ಮರುವರ್ಷ ನಡುವಿನ ಮಾಳಿಗೆ, ಅದರ ಮರುವರ್ಷ ಮೇಲೆ ತಗಡಿನ ಕೆಳಗೆ. ಸಂಗೀತದ ತಾಸಿನಲ್ಲಿ ಟೈಪಿಂಗ್ ಬಂತು. ತತ್ತ್ವಶಾಸ್ತ್ರ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಫಾದರ್ ವಯಸ್ಸಾಗಿ ದಕ್ಷಿಣ ಕನ್ನಡದ ಪಾದ್ರಿಗಳ ವಿಶ್ರಾಂತಿಧಾಮಕ್ಕೆ ಹೋದರು. ಪ್ರತಿ ಜೂನ್‌ನಲ್ಲಿ ಫೋನ್ ಮಾಡಿ, "ಬಿ.ಎ.ಗೆ ಎಷ್ಟು ಮಕ್ಕಳು ಟೀಚರ್?" ಎಂದು ಕೇಳುತ್ತಾರೆ. ಅಡ್ಡಿಲ್ಲ ಫಾದರ್, ಎನ್ನುತ್ತೇನೆ.

ಮಾವಳ್ಳಿಯ ದೊಡ್ಡ ಹುಡುಗಿ ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಈಗ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಾಳೆ. ತಾಯಿ ಸಿಕ್ಕಿದಾಗಲೆಲ್ಲ ಸಣ್ಣವಳ ವಿಷಯ ಎತ್ತುತ್ತಿದ್ದಳು. ಆ ಹುಡುಗಿಯ ಅಪ್ಪನಿಗೆ ಅವಳನ್ನು ಮಲ್ಪೆ ಕಡೆ ಶೆಟ್ಲಿ, ಅಂದರೆ ಸೀಗಡಿ, ಸುಲಿಯುವ ಕಂಪನಿಗೆ ಕಳಿಸುವ ಮನಸ್ಸು. ಅಕ್ಕ ಓದಿದ ಕಾಲೇಜಿನಲ್ಲಿ ಫೀ ಕಡಿಮೆಯ ಬಿ.ಎ. ಆದರೆ ಮಾತ್ರ ಅಡ್ಡಿಯಿಲ್ಲ, ದುಬಾರಿ ಬಿ.ಕಾಂ.ಗಾಗಲಿ ಬೇರೆ ಕಡೆಗಾಗಲಿ ಕಳಿಸುವುದೇ ಇಲ್ಲ ಎಂದು ಕೂತಿದ್ದ. "ಇದೂ ನಿಮ್ದೇ ಅಕ್ಕೋರೇ," ಎನ್ನುತ್ತಿದ್ದಳು ತಾಯಿ. ನಾನಿದ್ದೇನೆ, ಕಳಿಸು, ಎಂದು ನಾನು ಹೇಳಿದ್ದು ಒಂದು ಸಲವಲ್ಲ, ಹತ್ತು ಸಲ.

ಹೋದ ಮಾರ್ಚಿನಲ್ಲಿ ಈಗಿನ ಪ್ರಿನ್ಸಿಪಾಲ್ ಸಭೆ ಕರೆದರು. ಚಿಕ್ಕ ವಯಸ್ಸಿನ ಫಾದರ್, ಬಹಳ ವಿನಯದವರು. ಒಬ್ಬರನ್ನೂ ಗದರಿದ್ದು ನಾನು ಕಂಡಿಲ್ಲ. ಮುಂದಿನ ವರ್ಷದಿಂದ ಬಿ.ಎ.ಗೆ ಪ್ರವೇಶ ನಿಲ್ಲಿಸಿ ಆ ಕೋಣೆಯನ್ನು ಕಂಪ್ಯೂಟರ್ ಲ್ಯಾಬ್ ಮಾಡುವ ವಿಚಾರ ಇದೆ, ಮೇಲಿನವರು ನಮ್ಮ ಅಭಿಪ್ರಾಯ ಕೇಳಿದ್ದಾರೆ, ಒಬ್ಬರು ಬೇಡ ಅಂದರೂ ಈ ವರ್ಷ ಮುಂದೂಡುತ್ತಾರೆ ಎಂದರು. ಚಹಾ ಬಂತು, ಬನ್ಸ್ ಬಂತು. "ದಯವಿಟ್ಟು ಮುಕ್ತವಾಗಿ ಹೇಳಿ," ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು.

ಅರ್ಥಶಾಸ್ತ್ರದವರು ಬನ್ಸ್ ಮುರಿಯುತ್ತ ಕೂತರು. ಇತಿಹಾಸದವರು ಕಿಟಕಿ ನೋಡಿದರು. ಇವರಿಗೇನು ಬಾಯಿ ಬಿದ್ದುಹೋಗಿದೆಯೇ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಕೊನೆಗೆ ಫಾದರ್ ನನ್ನ ಕಡೆ ತಿರುಗಿ, "ನೀವು ಹಿರಿಯರು ಮೇಡಂ. ನಿಮ್ಮ ಮಾತೇ ಮುಖ್ಯ," ಎಂದರು. ತಾವೇ ಎದ್ದು ಬಂದು ನನ್ನ ಕಪ್ಪಿಗೆ ಚಹಾ ಹಾಕಿದರು.

"ತಮಗೆ ಹೇಗೆ ಸರಿ ಕಾಣ್ತದೋ ಹಾಗೆ ಫಾದರ್," ಎಂದೆ.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು ಎಲ್ಲರೂ ಇದು ಅನ್ಯಾಯ ಎಂದರು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದವಳು ನಾನು. ನಡಾವಳಿ ಪುಸ್ತಕದಲ್ಲಿ ಸರ್ವಾನುಮತದಿಂದ ಎಂದು ಬರೆದರು, ಕೆಳಗೆ ನನ್ನದೇ ಮೊದಲ ಸಹಿ.

ಪಿಯುಸಿ ಫಲಿತಾಂಶ ಬಂದ ಮೂರನೇ ದಿನ ಆ ಹೆಂಗಸು ಸಣ್ಣವಳನ್ನು ಕರೆದುಕೊಂಡು ಬಂದಳು. ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಳು. ಕನ್ನಡದಲ್ಲಿ ಎಷ್ಟು ಬಂತು ಎಂದು ತಾನಾಗಿ ತೋರಿಸಿದಳು. ನಾನು ಅಂಕಪಟ್ಟಿ ಹಿಡಿದುಕೊಂಡು ಕೂತೆ. ಕೂರಿ ಎಂದೆ, ಕ್ಯಾಂಟೀನಿನಿಂದ ಏನಾದರೂ ತರಿಸಲೇ ಎಂದೆ.

"ಅದೆಲ್ಲ ಬೇಡ. ಫಾರಂ ಕೊಡಿ," ಎಂದಳು.

ಹೇಳಿದೆ. ಬಿ.ಎ. ನಿಲ್ಲಿಸಿದ್ದಾರೆ ಎಂದೆ. ಸಭೆಯಲ್ಲಿ ತೀರ್ಮಾನವಾಯಿತು, ಒಬ್ಬರು ಬೇಡ ಅಂದಿದ್ದರೂ ಒಂದು ವರ್ಷ ಉಳಿಯುತ್ತಿತ್ತು, ಯಾರೂ ಅನ್ನಲಿಲ್ಲ ಎಂದೆ. ಯಾಕೆ ಇಷ್ಟೆಲ್ಲ ಬಾಯಿಬಿಟ್ಟೆನೋ ತಿಳಿಯದು. ಇವಳ ಎದುರು ಅರ್ಧ ಹೇಳಿ ಅರ್ಧ ನುಂಗಲು ನನಗೆ ಯಾವತ್ತೂ ಆಗಿಲ್ಲ.

"ನೀವು ಇರ್ಲಿಲ್ವಾ ಸಭೇಲಿ?"

"ಇದ್ದೆ."

ಬೈಯುತ್ತಾಳೆ ಎಂದು ಕಾದೆ. ಬೈಯಬೇಕಿತ್ತು. ಅವಳು ನನ್ನ ಕೈಯಿಂದ ಅಂಕಪಟ್ಟಿ ತೆಗೆದು ಮಗಳಿಗೆ ಕೊಟ್ಟಳು. ಹುಡುಗಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸೇರಿಸಿ ತಲೆ ತಗ್ಗಿಸಿ ನಿಂತಳು. ಅವಳನ್ನು ಕರೆದುಕೊಂಡು ಹೋಗಲು ಶೆಟ್ಲಿ ಕಂಪನಿಯ ವ್ಯಾನು ಸೋಮವಾರ ಬರುತ್ತದಂತೆ.

ತಾಯಿ ಬಾಗಿಲ ತನಕ ಹೋಗಿ ತಿರುಗಿದಳು.

"ನಂಗೊಂದು ಫೋನ್ ಮಾಡ್ಬೇಕಿತ್ತು ಅಕ್ಕೋರೇ," ಎಂದಳು. "ನಾನೇ ಬಂದು ಬೇಡ ಅಂತಿದ್ದೆ."